ಕ್ಲಾಕ್ ಟವರ್ ಉಂಡಾ?

ಮಂಗಳೂರಿನ ಸ್ಟೇಟ್‌ಬ್ಯಾಂಕ್ ನಿಲ್ದಾಣದಿಂದ ಹೊರಟ ಸಿಟಿ ಬಸ್ಸು ಇನ್ನೂ ಸರಿಯಾಗಿ ವೇಗ ಹಿಡಿದಿರುವುದಿಲ್ಲ. ಹಿಂದಿನ ಬಾಗಿಲಲ್ಲಿ ಒಂದು ಕಾಲನ್ನು ಮೆಟ್ಟಿಲ ಮೇಲಿಟ್ಟು, ಇನ್ನೊಂದನ್ನು ಗಾಳಿಗೆ ಬಿಟ್ಟು ನಿಂತ ಕಂಡಕ್ಟರ್ ಕೇಳುತ್ತಾನೆ: “ಕ್ಲಾಕ್ ಟವರ್ ಉಂಡಾ?”

‘ಉಂಡಾ’ ಎಂದರೆ ತುಳುವಿನಲ್ಲಿ ‘ಇದೆಯಾ’. ಅಲ್ಲಿ ಇಳಿಯುವವರು ಇದ್ದಾರೆಯೇ ಎಂದಷ್ಟೇ ಅವನ ಪ್ರಶ್ನೆ. ಎಲ್ಲಿಂದಲೋ ಒಂದು ದನಿ “ಉಂಡು” ಅನ್ನುತ್ತದೆ. ವಿಸಿಲ್ ಊದುತ್ತದೆ, ಬಸ್ಸು ನಿಲ್ಲುತ್ತದೆ, ಇಬ್ಬರು ಇಳಿಯುತ್ತಾರೆ, “ಪೋಯಿ ಪೋಯಿ”, ಹೋಗೋಣ ಹೋಗೋಣ, ಎನ್ನುತ್ತಿದ್ದಂತೆ ಮತ್ತೆ ಹೊರಡುತ್ತದೆ.

ಈ ಸವಾಲು ಜವಾಬನ್ನು ನಾನು ವರ್ಷಗಟ್ಟಲೆ ಕೇಳಿದ ಕಾಲದಲ್ಲಿ ಅಲ್ಲಿ ಕ್ಲಾಕ್ ಟವರ್ ಇರಲೇ ಇಲ್ಲ. ವಾಹನಗಳಿಗೆ ಅಡ್ಡಿಯೆಂದು ಹಳೆಯ ಗಡಿಯಾರ ಗೋಪುರವನ್ನು ಕಳೆದ ಶತಮಾನದ ಕೊನೆಯ ದಶಕದಲ್ಲಿ ಕೆಡವಿದ್ದರು. ಗೋಪುರ ಹೋಯಿತು, ಗಡಿಯಾರ ಹೋಯಿತು, ಹೆಸರು ಮಾತ್ರ ಹೋಗಲಿಲ್ಲ. ಅದನ್ನು ಕಣ್ಣಿಂದ ಕಂಡಿರದ ಕಾಲೇಜು ಹುಡುಗಿಯರು ಕೂಡ “ಕ್ಲಾಕ್ ಟವರಿನಲ್ಲಿ ಇಳೀತೇನೆ” ಎಂದು ಟಿಕೆಟು ತೆಗೆದರು. ಆಮೇಲೆ ಮಂಗಳೂರು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿ, ಆ ಯೋಜನೆಯಲ್ಲಿ ಟೌನ್‌ಹಾಲಿನ ಬಳಿ ಹೊಸ ಗೋಪುರ ಎದ್ದಿತು. ನಡುವಿನ ಅಷ್ಟೂ ವರ್ಷ ಆ ಜಾಗವನ್ನು ಕಾಯ್ದಿಟ್ಟದ್ದು ಕಂಡಕ್ಟರುಗಳ ನಾಲಗೆ. ಹೊಸ ಗೋಪುರದ ಮುಂದೆ ಮೊದಲ ಸಲ ನಿಂತಾಗ ನನಗೆ ಅನ್ನಿಸಿದ್ದು ಇದು: ಹೆಸರು ಇಷ್ಟು ದಿನ ನಿಂತಲ್ಲೇ ನಿಂತು ತನ್ನ ಗೋಪುರಕ್ಕಾಗಿ ಕಾದಿತ್ತು.

ಊರನ್ನು ಸವಿಯಲು ಒಬ್ಬೊಬ್ಬರಿಗೆ ಒಂದೊಂದು ದಾರಿ. ಕೆಲವರು ಗಡ್‌ಬಡ್ ಐಸ್‌ಕ್ರೀಮಿನಿಂದ ಶುರು ಮಾಡುತ್ತಾರೆ, ಕೆಲವರು ಸಂತ ಅಲೋಶಿಯಸ್ ಚಾಪೆಲಿನ ಗೋಡೆ ತುಂಬ ಇಟಲಿಯ ಅಂತೋನಿಯೊ ಮೊಸ್ಕೇನಿ ಬರೆದ ಚಿತ್ರಗಳಿಂದ. ನನಗೆ ಸಿಟಿ ಬಸ್ಸಿನ ಕಿಟಕಿ ಬದಿಯ ಸೀಟು ಸಿಕ್ಕರೆ ಸಾಕು. ಕಣ್ಣು ಮುಚ್ಚಿ ಕೂತರೂ ಊರು ಕಾಣುತ್ತದೆ. ಹಂಪನಕಟ್ಟೆ, ಮಿಲಾಗ್ರಿಸ್, ಜ್ಯೋತಿ, ಬಲ್ಮಠ, ಬೆಂದೂರ್‌ವೆಲ್, ಕಂಕನಾಡಿ, ಪಂಪ್‌ವೆಲ್. ಇನ್ನೊಂದು ದಿಕ್ಕಿಗೆ ಹೋದರೆ ನವಭಾರತ್, ಪಿವಿಎಸ್, ಕೊಡಿಯಾಲ್‌ಬೈಲ್, ಬಲ್ಲಾಳ್‌ಬಾಗ್, ಲಾಲ್‌ಬಾಗ್, ಲೇಡಿಹಿಲ್, ಕೊಟ್ಟಾರ ಚೌಕಿ. ಈ ಹೆಸರುಗಳನ್ನು ಕಂಡಕ್ಟರುಗಳು ಓದಿ ಹೇಳುವುದಿಲ್ಲ, ಉರುಳಿಸುತ್ತಾರೆ. ‘ಕಂಕನಾಡಿ’ಯ ನಡುವಿನ ‘ಕ’ ಅರ್ಧವಾಗಿ ‘ಕಂಕ್ನಾಡಿ’ ಆಗುತ್ತದೆ. ‘ಸ್ಟೇಟ್‌ಬ್ಯಾಂಕ್’ ಮೂರು ಸಲ ಒಟ್ಟಿಗೆ ಬಂದಾಗ ನಡುವಿನ ವ್ಯಂಜನಗಳೆಲ್ಲ ಸವೆದು ಒಂದೇ ಉಸಿರಾಗುತ್ತದೆ. ಹೊಳೆಯಲ್ಲಿ ಉರುಳಿ ಉರುಳಿ ನುಣುಪಾದ ಕಲ್ಲಿನ ಹಾಗೆ.

ಮೊದಲು ಊರಿಗೇ ಒಂದು ಹೆಸರು ಸಾಲದು. ತುಳುವಿನವರಿಗೆ ಇದು ಕುಡ್ಲ. ನೇತ್ರಾವತಿಯೂ ಫಲ್ಗುಣಿಯೂ ಅಳಿವೆಯಲ್ಲಿ ಕೂಡುವ ಊರಿಗೆ ಕೂಡುವುದನ್ನೇ ನೆನಪಿಸುವ ಹೆಸರು. ಕೊಂಕಣಿಯವರಿಗೆ ಕೊಡಿಯಾಲ್. ಬ್ಯಾರಿಗಳಿಗೆ ಮೈಕಾಲ. ಮಲಯಾಳದವರಿಗೆ ಮಂಗಲಾಪುರಂ. ಕನ್ನಡಕ್ಕೆ ಮಂಗಳೂರು. ಸರಕಾರದ ಇಂಗ್ಲಿಷ್ ಕಾಗದಗಳಲ್ಲೂ ಅದೇ ಕನ್ನಡದ ರೂಪ ಬಂದದ್ದು 2014ರ ನವೆಂಬರ್ 1ರಿಂದ. ಬಂದರಿನಲ್ಲಿ ಅರ್ಧ ಗಂಟೆ ನಿಂತರೆ ಈ ಐದೂ ಹೆಸರು ಕಿವಿಗೆ ಬೀಳುತ್ತವೆ. ಒಂದು ಇನ್ನೊಂದನ್ನು ತಳ್ಳುವುದಿಲ್ಲ.

ನಿಲ್ದಾಣಗಳ ಹೆಸರಿನಲ್ಲೂ ಇದೇ ಗುಣ. ಬಲ್ಲಾಳ್‌ಬಾಗ್ ಅನ್ನಿ, ತುಳುನಾಡಿನ ಬಲ್ಲಾಳ ಪಾರ್ಸಿ ಭಾಷೆಯ ಬಾಗಿನಲ್ಲಿ, ಅಂದರೆ ತೋಟದಲ್ಲಿ, ನಿಂತಿದ್ದಾನೆ. ಹೊಯ್ಗೆ ಬಜಾರ್ ಅನ್ನಿ, ನಮ್ಮ ಹೊಳೆಯ ಮರಳಿನ ಮೇಲೆ ಪಾರ್ಸಿಯ ಅಂಗಡಿಬೀದಿ ಕೂತಿದೆ. ಬೆಂದೂರಿಗೆ ಇಂಗ್ಲಿಷಿನ ಬಾವಿ ಸೇರಿ ಬೆಂದೂರ್‌ವೆಲ್ ಆಗಿದೆ. 1680ರಲ್ಲಿ ಶುರುವಾದ ಮಿಲಾಗ್ರಿಸ್ ಇಗರ್ಜಿಯ ಹೆಸರು ಪೋರ್ಚುಗೀಸಿನದು, ಅರ್ಥ ‘ಪವಾಡಗಳು’. ಹಾಗಾಗಿ ಕಂಡಕ್ಟರ್ ದಿನಕ್ಕೆ ಎಷ್ಟೋ ಸಲ “ಮಿಲಾಗ್ರಿಸ್ ಉಂಡಾ?” ಎಂದು ಕೂಗುವಾಗ, ತನಗೆ ಗೊತ್ತಿಲ್ಲದೆಯೇ ಬಸ್ಸಿನ ಜನರಲ್ಲಿ ಪವಾಡ ಉಂಟೋ ಎಂದು ವಿಚಾರಿಸುತ್ತಿರುತ್ತಾನೆ. ಯಾರೋ ಒಬ್ಬರು ಉಂಟು ಎನ್ನುತ್ತಾರೆ. ಈ ಮಾತು ಹೊಳೆದ ದಿನ ನಾನು ನಾಲ್ಕು ಸ್ಟಾಪು ಮುಂದೆ ಹೋಗಿ ಇಳಿದೆ, ಕೇಳುತ್ತಾ ಇರಬೇಕು ಅನ್ನಿಸಿತ್ತು.

ಹಂಪನಕಟ್ಟೆಯ ಸಂಗತಿ ಬೇರೆ. ಅದು ‘ಅಪ್ಪಣನ ಕಟ್ಟೆ’ಯಾಗಿತ್ತೆಂದು ಹಿರಿಯರು ಹೇಳಿಕೊಂಡು ಬಂದಿದ್ದಾರೆ. ಬಂದರಿಗೆ ಹೋಗಿ ಬರುವವರಿಗೆ, ಗಾಡಿ ಹೊಡೆಯುವವರಿಗೆ, ಅಪ್ಪಣ ಎಂಬವನು ಬಾವಿಯ ನೀರು ಸೇದಿ ಕೊಡುತ್ತಿದ್ದನಂತೆ. ಕಥೆಯೆಂದರೆ ಕಥೆ. ನಾಲ್ಕು ದಿಕ್ಕಿನ ಸಿಗ್ನಲ್ಲು, ಬಟ್ಟೆ ಅಂಗಡಿ, ಹೋಟೆಲು, ಕಾಲೇಜು ಇರುವ ಆ ಗದ್ದಲದಲ್ಲಿ ಬಾವಿಯನ್ನು ಊಹಿಸುವುದಾದರೂ ಹೇಗೆ? ಹೀಗಿರುವಾಗ ಕೆಲವು ವರ್ಷಗಳ ಹಿಂದೆ ಸ್ಮಾರ್ಟ್ ಸಿಟಿಯ ಕೆಲಸಕ್ಕೆ ಅದೇ ಕೂಡುರಸ್ತೆಯನ್ನು ಅಗೆದರು. ಡಾಮರಿನ ಕೆಳಗೆ ಬಾವಿ ಸಿಕ್ಕಿತು. ಅಜ್ಜಂದಿರು ಹೇಳಿದ ಕಥೆಗೆ ರಸ್ತೆಯ ನಟ್ಟನಡುವೆ ಆಳ ಬಂದುಬಿಟ್ಟಿತು. ಅದನ್ನು ಮುಚ್ಚಿ ಮುಂದೆ ಹೋಗದೆ ಉಳಿಸಿಕೊಂಡರು. ಊರಿನ ಅಭಿವೃದ್ಧಿ ಎಂಬ ಮಾತಿಗೆ ನನ್ನ ಮನಸ್ಸಿನಲ್ಲಿ ಒಂದು ಚಿತ್ರವಿದ್ದರೆ ಅದು ಇದೇ. ಅಗೆಯುವ ಯಂತ್ರ ನಿಂತಿದೆ, ಸುತ್ತ ಜನ ಸೇರಿ ಬಗ್ಗಿ ಕೆಳಗೆ ನೋಡುತ್ತಿದ್ದಾರೆ, ಕೆಳಗಿನಿಂದ ಒಂದು ಹೆಸರು ಮೇಲೆ ಬರುತ್ತಿದೆ.

ಪಂಪ್‌ವೆಲ್‌ನ ಮೇಲೆ ಈಗ ಮೇಲ್ಸೇತುವೆ ಇದೆ. ಹತ್ತಿರ ಹತ್ತಿರ ಹತ್ತು ವರ್ಷ ಜನರನ್ನು ಕಾಯಿಸಿ 2020ರ ಜನವರಿ ಕೊನೆಗೆ ಅದು ತೆರೆಯಿತು. ಹೆದ್ದಾರಿಯ ಲಾರಿಗಳು ಮೇಲಿಂದಲೇ ಕೇರಳದತ್ತ ಓಡುತ್ತವೆ, ಕೆಳಗೆ ಸಿಟಿ ಬಸ್ಸಿನ ಕಂಡಕ್ಟರ್ ಬಾವಿಯ ಹೆಸರು ಕೂಗುತ್ತಾನೆ. ಬೆಂದೂರ್‌ವೆಲ್, ಪಂಪ್‌ವೆಲ್, ಅಪ್ಪಣನ ಬಾವಿ. ಈ ಪೇಟೆ ಬಾವಿಯಿಂದ ಬಾವಿಗೆ ನಡೆದು ಬೆಳೆದದ್ದು. ನಮ್ಮ ಮುರಕಲ್ಲಿನ ನೆಲದ ಸ್ವಭಾವವೇ ಹಾಗೆ, ಮಳೆಗಾಲದ ನೀರನ್ನು ಸಣ್ಣ ಸಣ್ಣ ತೂತುಗಳಲ್ಲಿ ಕುಡಿದು, ಸಾವಕಾಶ ಬಾವಿಗೆ ಬಿಟ್ಟುಕೊಡುತ್ತದೆ. ಈಗ ನಳ್ಳಿಯಲ್ಲಿ ಬರುವ ನೀರು ನೇತ್ರಾವತಿಗೆ ತುಂಬೆಯಲ್ಲಿ ಕಟ್ಟಿದ ಕಿಂಡಿ ಅಣೆಕಟ್ಟಿನದು. ಏಪ್ರಿಲ್ ಮೇ ತಿಂಗಳಲ್ಲಿ ತುಂಬೆಯಲ್ಲಿ ನೀರು ಎಷ್ಟು ಅಡಿ ಇದೆ ಎಂದು ಪೇಪರಿನಲ್ಲಿ ನೋಡಿ ಊರಿಡೀ ಲೆಕ್ಕ ಹಾಕುತ್ತದೆ. ಬಾವಿ ಇನ್ನೂ ಇಟ್ಟುಕೊಂಡ ಮನೆಯವರು ಆ ದಿನಗಳಲ್ಲಿ ನೆರೆಯವರಿಗೆ ಕೊಡ ತುಂಬಿಸಿ ಕೊಡುವುದನ್ನು ನಾನು ನೋಡಿದ್ದೇನೆ. ಅಪ್ಪಣ ಅಲ್ಲಿ ಇಲ್ಲಿ ಇದ್ದಾನೆ.

ಕೆಲವು ಹೆಸರುಗಳು ಮಾತ್ರ ಮನುಷ್ಯರನ್ನು ತೀರಾ ಸಣ್ಣದಾಗಿ ಮಡಚಿಬಿಟ್ಟಿವೆ. ಹಂಪನಕಟ್ಟೆಯಿಂದ ನವಭಾರತ್ ಸರ್ಕಲಿಗೆ ಏರುವ ರಸ್ತೆ ಎಲ್ಲರ ಬಾಯಲ್ಲೂ ‘ಕೆ.ಎಸ್. ರಾವ್ ರೋಡ್’. ಕಾರ್ನಾಡು ಸದಾಶಿವ ರಾವ್ ಎಂಬ ಇಡೀ ಹೆಸರು ಹೇಳಿದರೆ ಆಟೋದವರು ಒಂದು ಗಳಿಗೆ ಯೋಚಿಸಬೇಕಾದೀತು. ವಕೀಲರಾಗಿ ಸಂಪಾದಿಸಿದ್ದನ್ನೂ ಹಿರಿಯರಿಂದ ಬಂದ ಆಸ್ತಿಯನ್ನೂ ಸ್ವಾತಂತ್ರ್ಯದ ಹೋರಾಟಕ್ಕೆ, ವಿಧವೆಯರ, ದಲಿತರ ಕೆಲಸಕ್ಕೆ ಸುರಿದು, ಬರಿಗೈಯಲ್ಲಿ 1937ರಲ್ಲಿ ತೀರಿಕೊಂಡವರು ಅವರು. ಬೆಂಗಳೂರಿನ ಸದಾಶಿವನಗರಕ್ಕೂ ಇವರದೇ ಹೆಸರು. ಎರಡು ಅಕ್ಷರ ಒಂದು ‘ರಾವ್’ ಇಷ್ಟರಲ್ಲಿ ಅಷ್ಟು ದೊಡ್ಡ ಜೀವ ಹೇಗೆ ಹಿಡಿಸೀತು? ಆ ರಸ್ತೆಯಲ್ಲಿ ನಡೆಯುವಾಗ ನಾನು ಮನಸ್ಸಿನಲ್ಲಿ ಪೂರ್ತಿ ಹೆಸರು ಹೇಳಿಕೊಳ್ಳುತ್ತೇನೆ. ಅಂಗಡಿಯಿಂದ ಅಂಗಡಿಗೆ ಹೋಗುವಷ್ಟರಲ್ಲಿ ಮುಗಿಯುತ್ತದೆ, ಅಷ್ಟೇ ಖರ್ಚು. ಆ ದಾರಿ ಮುಟ್ಟುವ ನವಭಾರತವೂ ಹಾಗೆಯೇ. ಅದು ಕನ್ನಡದ ದಿನಪತ್ರಿಕೆಯ ಹೆಸರು. ಪತ್ರಿಕೆ ನಿಂತು ಎಷ್ಟೋ ಕಾಲವಾಯಿತು, ಪ್ರತಿ ದಿನ ಬೆಳಿಗ್ಗೆ ಆ ಹೆಸರು ಮಾತ್ರ ಬಸ್ಸಿನಲ್ಲಿ ಹೊರಡುತ್ತದೆ. ಜ್ಯೋತಿಯೆಂದರೆ ಟಾಕೀಸು. ಅಲ್ಲಿ ತುಳು ಸಿನಿಮಾಕ್ಕೆ ಸಾಲು ನಿಂತವರು ಈಗ ಮೊಮ್ಮಕ್ಕಳನ್ನು ಕರೆದುಕೊಂಡು ಮಾಲ್‌ಗೆ ಹೋಗುತ್ತಾರೆ. ಟಾಕೀಸು ಇಲ್ಲ. ಸರ್ಕಲಿಗೆ ಅಂಬೇಡ್ಕರರ ಹೆಸರಿದೆ, ಬೋರ್ಡಿನಲ್ಲಿ ಅದು ಇರಲೇಬೇಕು, ಅದಕ್ಕೆ ಎರಡು ಮಾತಿಲ್ಲ. ನಾಲಗೆಯ ಮೇಲೆ ಜ್ಯೋತಿಯೂ ಉರಿಯುತ್ತಿದೆ. ಕುಡ್ಲವೂ ಕೊಡಿಯಾಲವೂ ಒಟ್ಟಿಗೆ ಇರುವ ಊರಿನಲ್ಲಿ ಒಂದು ಸರ್ಕಲಿಗೆ ಎರಡು ಹೆಸರು ಭಾರವಾಗದು.

ಬಾವುಟಗುಡ್ಡೆಗೆ ಏರಿದರೆ ಹೆಸರೇ ಧ್ವಜ ಹಿಡಿದು ನಿಂತಿದೆ. 1837ರ ಏಪ್ರಿಲಿನಲ್ಲಿ ಕೊಡಗು, ಸುಳ್ಯದ ಕಡೆಯಿಂದ ಇಳಿದು ಬಂದ ರೈತರು ಕಂಪೆನಿಯ ಬಾವುಟವನ್ನು ಇಳಿಸಿ ತಮ್ಮದನ್ನು ಏರಿಸಿದ್ದು ಇಲ್ಲಿ. ಹದಿಮೂರು ದಿನ ಮಂಗಳೂರು ಅವರದಾಗಿತ್ತು. ಆ ದಂಡನ್ನು ನಡೆಸಿದವರಲ್ಲಿ ಒಬ್ಬರಾದ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ 2022ರಲ್ಲಿ ಅಲ್ಲೇ ನಿಂತಿತು. ಅದಕ್ಕೂ ಮುಂಚಿನ ನೂರಾ ಎಂಬತ್ತೈದು ವರ್ಷ ಆ ನೆನಪನ್ನು ಹೊತ್ತದ್ದು ‘ಬಾವುಟಗುಡ್ಡೆ’ ಎಂಬ ಒಂದೇ ಶಬ್ದ.

ಆದರೂ ನನಗೆ ಎಲ್ಲಕ್ಕಿಂತ ಇಷ್ಟ, ಎಷ್ಟು ಸಲ ಬಾಯಲ್ಲಿ ಹಾಕಿಕೊಂಡರೂ ರುಚಿ ಕೆಡದ್ದು, ಕೊಡಿಯಾಲ್‌ಬೈಲ್. ಕೊಂಕಣಿಯವರ ಊರಿನ ಹೆಸರಿಗೆ ತುಳುವಿನ ಬೈಲು ಸೇರಿದ ಹೆಸರು ಅದು. ಘಟ್ಟದ ಮೇಲಿನವರಿಗೆ ಬಯಲೆಂದರೆ ಕಣ್ಣು ಹಾಯುವಷ್ಟು ತೆರೆದ ಜಾಗ. ನಮ್ಮಲ್ಲಿ ಬೈಲು ಅದಲ್ಲ. ಎರಡು ಗುಡ್ಡೆಗಳ ನಡುವಿನ ತಗ್ಗಿನಲ್ಲಿ, ನೀರು ತಾನಾಗಿ ಬಂದು ಕೂರುವಲ್ಲಿ ಇರುವ ಗದ್ದೆ. ಗದ್ದೆಯಲ್ಲೂ ಮೂರು ಬಗೆ. ಎತ್ತರದ ಬೆಟ್ಟುಗದ್ದೆಗೆ ಮಳೆಯೇ ಗತಿ, ಅಲ್ಲಿ ಏಣೆಲಿನ ಒಂದೇ ಬೆಳೆ. ನಡುವಿನ ಮಜಲಿನಲ್ಲಿ ಏಣೆಲು, ಸುಗ್ಗಿ ಎಂದು ಎರಡು. ಬೈಲಿನಲ್ಲಿ ಮೂರನೆಯದಾಗಿ ಕೊಳಕೆಯೂ ಬೆಳೆಯುತ್ತದೆ, ಸುಡುವ ಬೇಸಗೆಯಲ್ಲೂ ಕಾಲಡಿಯಲ್ಲಿ ಪಸೆ ಇರುವುದರಿಂದ. ಮುರಕಲ್ಲಿನ ಚಪ್ಪಟೆ ಗುಡ್ಡದ ನೆತ್ತಿ ಪದವು, ಅಲ್ಲಿ ಅಂಗಡಿ ಇಟ್ಟರೆ ಪದವಿನಂಗಡಿ. ಹೊಳೆಯ ನಡುವಿನ ದ್ವೀಪ ಕುದ್ರು. ಹರಿಯುವ ನೀರು ತೋಡು. ಮಳೆಯ ಹನಿಯೊಂದು ಪದವಿನಲ್ಲಿ ಬಿದ್ದು ಗುಡ್ಡೆ ಇಳಿದು ಬೆಟ್ಟು, ಮಜಲು ದಾಟಿ ಬೈಲಿಗೆ ಬಂದು ತೋಡು ಹಿಡಿದು ಹೊಳೆ ಸೇರುವ ತನಕದ ದಾರಿಯನ್ನು ತುಳುವರು ಹೆಜ್ಜೆ ಹೆಜ್ಜೆಗೂ ಹೆಸರಿಟ್ಟು ಬಿಟ್ಟಿದ್ದಾರೆ. ಬೇರೆ ಯಾವ ನಕ್ಷೆ ಬೇಕು?

ಈ ಶಬ್ದಗಳನ್ನು ಅಚ್ಚಿಗೆ ಹಿಡಿದ ಮನೆಯೂ ಇದೇ ಪೇಟೆಯಲ್ಲಿದೆ. ಬಲ್ಮಠದ ಬಾಸೆಲ್ ಮಿಶನ್ ಪ್ರೆಸ್ಸಿನಿಂದ 1886ರಲ್ಲಿ ಮೆನ್ನರ್ ಅವರ ತುಳು ನಿಘಂಟು ಹೊರಬಂತು, 1894ರಲ್ಲಿ ಕಿಟೆಲ್ ಅವರ ಕನ್ನಡ ನಿಘಂಟು. ಆಮೇಲೆ ಉಡುಪಿಯಲ್ಲಿ ಆರು ಸಂಪುಟಗಳ ತುಳು ನಿಘಂಟೂ ಆಯಿತು. ಅದರ ಪುಟ ತಿರುಗಿಸುತ್ತಾ ಕೂತರೆ ಗದ್ದೆಯ ಬದುವಿನ ಮೇಲೆ ನಡೆದ ಹಾಗಾಗುತ್ತದೆ.

ಅದೇ ಮಿಶನ್ 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ನೇತ್ರಾವತಿಯ ದಂಡೆಯ ಆವೆಮಣ್ಣು ಸುಟ್ಟು ಕೆಂಪಾಗಿ, ‘ಮಂಗಳೂರು ಹೆಂಚು’ ಎಂಬ ಹೆಸರಿನಲ್ಲಿ ಸಮುದ್ರ ದಾಟಿ ದೂರದ ದೇಶಗಳ ಮಾಡುಗಳನ್ನೂ ಏರಿತು. ಹೆಂಚಿನ ಒಳಮೈಯಲ್ಲಿ ಕಾರ್ಖಾನೆಯ ಹೆಸರು, ಊರಿನ ಹೆಸರು ಉಬ್ಬಕ್ಷರಗಳಲ್ಲಿ ಇರುತ್ತವೆ. ಚಿಕ್ಕಂದಿನಲ್ಲಿ ಚಾಪೆಯ ಮೇಲೆ ಅಂಗಾತ ಮಲಗಿ ನಾನು ಕೂಡಿಸಿ ಓದಿದ ಮೊದಲ ಇಂಗ್ಲಿಷ್ ಪದ ಮ್ಯಾಂಗಲೋರ್, ಒಂದೇ ಪದ, ಸಾಲು ಸಾಲಾಗಿ ನೂರಾರು ಸಲ. ಈಗ ಪೇಟೆಯ ನಡುವೆ ಹಳೆಯ ಮನೆಯೊಂದನ್ನು ತೆಗೆಯುವಾಗ ಮೊದಲು ಇಳಿಯುವುದು ಹೆಂಚು. ಅಂಗಳದಲ್ಲಿ ಒಂದಕ್ಕೊಂದು ಒರಗಿಸಿ ಇಟ್ಟಿರುತ್ತಾರೆ. ಇಷ್ಟು ದಿನ ಮನೆಯವರಿಗೆ ಮಾತ್ರ ಕಾಣುತ್ತಿದ್ದ ಅಕ್ಷರಗಳು ಬೀದಿಯಲ್ಲಿ ಹೋಗುವವರಿಗೆಲ್ಲ ಕಾಣುತ್ತವೆ. ಅಂಥಲ್ಲಿ ನಾನು ನಿಲ್ಲದೆ ಮುಂದೆ ಹೋದದ್ದಿಲ್ಲ.

ಮನೆ ಹೋಗಿ ಹತ್ತು ಮಾಳಿಗೆ ಬರುವುದರ ಮೇಲೆ ನನಗೆ ಸಿಟ್ಟಿಲ್ಲ. ಜನ ಬಂದಿದ್ದಾರೆ, ಅವರಿಗೆ ಮನೆ ಬೇಕು, ಆಸ್ಪತ್ರೆ, ಕಾಲೇಜು ಬೇಕು. ನೋವಾಗುವುದು ಆ ಕಟ್ಟಡಕ್ಕೆ ಹೆಸರಿಡುವಾಗ. ಬೈಲಿನ ತಗ್ಗಿನಲ್ಲಿ ನಿಂತದ್ದಕ್ಕೆ ‘ಹೈಟ್ಸ್’ ಎನ್ನುತ್ತಾರೆ. ಬಾವಿ ಮುಚ್ಚಿ ಎಬ್ಬಿಸಿದ್ದಕ್ಕೆ ಬೇರೆ ಯಾವುದೋ ದೇಶದ ಸರೋವರದ ಹೆಸರು. ಆ ಹೆಸರಿನಲ್ಲಿ ಬೆಳೆಯುವ ಮಗುವಿಗೆ ತನ್ನ ಕಾಲಡಿಯ ನೆಲ ಎಂಥದೆಂದು ಯಾರು ಹೇಳಬೇಕು? ಮಾರ್ಕೆಟ್ಟಿನ ತರಕಾರಿ ಹೆಂಗಸರಿಗೆ ಈ ವಿವೇಕ ಇದೆ. “ಬೆಂಡೆ ಎಲ್ಲಿಯದು ಅಕ್ಕ?” ಎಂದರೆ, ಊರಿನದಾದರೆ ಊರಿನದು, ಘಟ್ಟದಿಂದ ಬಂದದ್ದಾದರೆ ಘಟ್ಟದ್ದು ಎಂದು ಹೇಳಿಯೇ ತೂಗುತ್ತಾರೆ. ರಥಬೀದಿಯ ಹೂವಿನವರೂ ಹಾಗೆ, ಅವರ ಲೆಕ್ಕ ಇನ್ನೂ ಚೆಂಡು ಮತ್ತು ಅಟ್ಟೆಯದು. ಬಾಳೆನಾರಿನಲ್ಲಿ ನೇಯ್ದ ಎಂಟುನೂರು ಮಲ್ಲಿಗೆ ಒಂದು ಚೆಂಡು, ನಾಲ್ಕು ಚೆಂಡು ಒಂದು ಅಟ್ಟೆ. ಅಟ್ಟೆಗೆ ಇಂದು ಇಷ್ಟು ಎಂದರೆ ಸಂಜೆಯ ಮದುವೆಮನೆಯವರಿಗೆ ಎಲ್ಲ ತಿಳಿಯಿತು.

2018ರ ಮೇ 29ರಂದು ಮಳೆಗಾಲದ ಬಾಗಿಲಲ್ಲೇ ಒಂದು ಮಳೆ ಹೊಯ್ದಿತು. ಬೆಳಗ್ಗಿನಿಂದ ಬಿಡದೆ ಬಿದ್ದು, ಪೇಟೆಯ ತಗ್ಗುಗಳೆಲ್ಲ ತುಂಬಿ, ಕಾರುಗಳು ತೇಲಿ, ಜನರನ್ನು ದೋಣಿಯಲ್ಲಿ ಕರೆತರಬೇಕಾಯಿತು. ಅಂದು ನೀರು ಹುಡುಕಿ ಹೋದದ್ದು ತನ್ನ ಹಳೆಯ ಜಾಗಗಳನ್ನು. ತೋಡನ್ನು ಕಾಂಕ್ರೀಟಿನಲ್ಲಿ ಇಕ್ಕಟ್ಟು ಮಾಡಿದ್ದರೂ, ಗದ್ದೆಗೆ ಮಣ್ಣು ತುಂಬಿದ್ದರೂ, ನೀರಿಗೆ ದಾರಿ ಮರೆತಿರಲಿಲ್ಲ. ಹೆಸರುಗಳಿಗೂ ಮರೆತಿರಲಿಲ್ಲ. ರಸ್ತೆ, ಚರಂಡಿ, ಲೇಔಟಿನ ನಕ್ಷೆಗೆ ಸಹಿ ಹಾಕುವವರು ಒಂದು ದಿನ ಕಂಡಕ್ಟರನ ಹಿಂದೆ ಕೂತು ಬೈಲು, ಗುಡ್ಡೆ, ಕಟ್ಟೆ, ಪದವು ಎಂದು ಕೇಳಿಸಿಕೊಂಡು ಬರಲಿ ಎಂದು ನಾನು ಮನಸಾರೆ ಬಯಸುತ್ತೇನೆ.

ಮೊನ್ನೆ ಮಳೆಗಾಲದ ಆಟಿ ತಿಂಗಳ ಒಂದು ಸಂಜೆ. ಬಸ್ಸಿನ ಕಿಟಕಿಗಳ ಟರ್ಪಾಲು ಇಳಿಸಿದ್ದರು, ಒಳಗೆಲ್ಲ ಒದ್ದೆ ಕೊಡೆಗಳ ವಾಸನೆ, ಯಾರದೋ ಚೀಲದಲ್ಲಿ ಬಂಗುಡೆ, ಯಾರದೋ ಜಡೆಯಲ್ಲಿ ಮಲ್ಲಿಗೆ. ಹೊರಗೆ ಏನೂ ಕಾಣುತ್ತಿರಲಿಲ್ಲ, ಊರು ಕಿವಿಯಲ್ಲೇ ಸರಿಯುತ್ತಿತ್ತು. ನವಭಾರತ್ ಆಯಿತು, ಪಿವಿಎಸ್ ಆಯಿತು. ಚಕ್ರದ ಸದ್ದು ಬದಲಾಗಿ, ನೀರು ಸೀಳುವ ಸದ್ದು ಬಂತು.

“ಕೊಡಿಯಾಲ್‌ಬೈಲ್ ಉಂಡಾ?”

ಮುಂದಿನ ಸೀಟಿನಿಂದ ಒಬ್ಬರು ಅಜ್ಜಿ ಕಂಬಿ ಹಿಡಿದು ಎದ್ದರು. “ಉಂಡು ಅಣ್ಣಾ, ಒಂತೆ ಉಂತಾಲೆ” ಎಂದರು, ಸ್ವಲ್ಪ ನಿಲ್ಲಿಸಿ ಎಂದು. ವಿಸಿಲ್ ಊದಿತು. ಬಾಗಿಲಿಗೆ ಬಂದು ಕೆಳಗೆ ನೋಡಿದರು. ರಸ್ತೆಯ ಮೇಲೆ ಕಣಕಾಲು ಮುಳುಗುವಷ್ಟು ನೀರು ಹರಿಯುತ್ತಿತ್ತು. ಚಪ್ಪಲಿಯನ್ನು ಕೈಗೆ ತೆಗೆದುಕೊಂಡು, ಸೀರೆಯ ನೆರಿಗೆಯನ್ನು ಸ್ವಲ್ಪ ಮೇಲೆ ಸಿಕ್ಕಿಸಿ, ಗದ್ದೆಗೆ ಇಳಿಯುವವರ ಹಾಗೆ ಕಾಲನ್ನು ಮೆಲ್ಲಗೆ ಊರಿ ತಳ ಸಿಕ್ಕಿತೆಂದು ಖಾತ್ರಿ ಮಾಡಿಕೊಂಡು, ಅವರು ಬೈಲಿಗೆ ಇಳಿದರು.